ಇಲಿ ಬಿದ್ದ ವರ್ಷ ನಾನು ಊರು ಬಿಡಿಸಿದ್ದು

ಈ ಸಲ ನಮ್ಮ ಊರಿನ ಮುನಿಸಿಪಾಲಿಟಿಗೆ ಆರಿಸಿ ಬಂದವರಲ್ಲಿ ನಾಲ್ಕೈದು ಜನ ಇನ್ನೂ ಮೀಸೆ ತಿದ್ದಿಕೊಳ್ಳುವ ವಯಸ್ಸಿನವರು. ಹೋದ ಸೋಮವಾರ ನನ್ನ ಮನೆಗೆ ಬಂದು, "ಅಜ್ಜಾರ, ನೀವು ಹನ್ನೆರಡು ವರ್ಷ ಅಧ್ಯಕ್ಷರಾಗಿ ಊರು ನಡಿಸಿದವರು. ನಮಗೂ ನಾಕ ಮಾತು ಹೇಳ್ರಿ" ಎಂದರು. ನಾಲ್ಕು ಮಾತಿನಲ್ಲಿ ಮುಗಿಯುವ ಕೆಲಸವಾಗಿದ್ದರೆ ನನ್ನ ತಲೆ ಇಷ್ಟು ಬೇಗ ಬೋಳಾಗುತ್ತಿರಲಿಲ್ಲ. ಬರೆದು ಕೊಡುತ್ತೇನೆ, ಓದಿಕೊಳ್ಳಿರಿ ಎಂದು ಚಹಾ ಕುಡಿಸಿ ಕಳಿಸಿದೆ.

ನಾನು ಹೇಗೆ ಆರಿಸಿ ಬಂದೆ, ಕುರ್ಚಿಗಾಗಿ ಯಾರ ಕಾಲು ಯಾರು ಎಳೆದರು, ಅದೆಲ್ಲ ಇಲ್ಲಿ ಬರೆಯುವುದಿಲ್ಲ. ಅದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಬೇರೆ ಊರಿನವರೂ ಓದಬಹುದಾದ್ದರಿಂದ ಇಷ್ಟು ಹೇಳುತ್ತೇನೆ. ನಮ್ಮದು ಹಾನಗಲ್ಲಿಗೂ ಶಿಗ್ಗಾಂವಿಗೂ ನಡುವಿನ ಒಂದು ಸಣ್ಣ ಊರು. ನಾನು ಅಕ್ಕಿ ವ್ಯಾಪಾರಿ. ಆಗ ಮುಂಬಯಿ ಸರಕಾರದ ಆಡಳಿತ. ಅಧ್ಯಕ್ಷಗಿರಿಗೆ ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ. "ಊರ ಉಸಾಬರಿ ಮಾಡಿ ಮುಲ್ಲಾ ಸೊರಗಿದನಂತ. ನೀವು ಸೊರಗಿದ್ದೂ ಕಾಣಂಗಿಲ್ಲ, ಮನಿ ಕೆಲಸ ಮಾಡಿದ್ದೂ ಕಾಣಂಗಿಲ್ಲ" ಎಂದು ನನ್ನ ಹೆಂಡತಿ ನೀಲವ್ವ ದಿನಾ ಹೇಳುತ್ತಿದ್ದಳು.

ಮೊದಲ ವರ್ಷವೆಲ್ಲ ದೀಪದ ಕಂಬದ ಜಗಳದಲ್ಲೇ ಹೋಯಿತು. ಓಣಿಗೊಂದು ಸೀಮೆಎಣ್ಣೆಯ ಕಂದೀಲು ಹಾಕಿಸಿದೆವು. ನನ್ನ ಬಾಗಿಲ ಮುಂದೆಯೇ ಬೇಕೆಂದು ಅರ್ಧ ಜನ ಬಂದರು. ಬೆಳಕಿಗೆ ಹುಳ ಬರುತ್ತವೆ, ನನ್ನ ಬಾಗಿಲ ಮುಂದೆ ಬೇಡವೆಂದು ಇನ್ನರ್ಧ ಜನ ಬಂದರು. ಬೇಕು ಎಂದವರ ಬಾಗಿಲು ತಪ್ಪಿಸಿ, ಬೇಡ ಎಂದವರ ಬಾಗಿಲಿಗೆ ಹಾಕಿಸಿಬಿಟ್ಟೆ. ಎರಡು ಕಡೆಯವರೂ ಬೈದು ಸುಮ್ಮನಾದರು. ಊರ ಕೆಲಸದಲ್ಲಿ ಒಮ್ಮೆ ಗಟ್ಟಿ ಮನಸ್ಸು ಮಾಡಿದರೆ ಜನ ಮೂರು ದಿನ ಕೂಗಿ ನಾಲ್ಕನೆಯ ದಿನ ಒಪ್ಪಿಕೊಳ್ಳುತ್ತಾರೆಂದು ನನಗೆ ಆಗಲೇ ತಿಳಿಯಿತು. ಆ ಪಾಠ ಬಹಳ ವರ್ಷ ಉಪಯೋಗಕ್ಕೆ ಬಂತು.

ಆದರೆ ನಾನು ಹೇಳಬೇಕೆಂದಿರುವುದು ಪ್ಲೇಗಿನ ವರ್ಷದ ಸಂಗತಿ. ನೀವು ಪ್ಲೇಗು ಕಂಡವರಲ್ಲ. ಜರ್ಮನಿ ಯುದ್ಧ ಶುರುವಾಗಿತ್ತು. ಸುಗ್ಗಿಯ ಹೊತ್ತಿಗೆ ನಮ್ಮೂರಲ್ಲಿ ಇಲಿ ಬೀಳಲಾರಂಭಿಸಿದವು. ಬೀಳುವುದೆಂದರೆ ನಿಜವಾಗಿ ಬೀಳುವುದು. ಜಂತಿಯ ಮೇಲೆ ಓಡುತ್ತಿದ್ದ ಇಲಿ ತೂರಾಡುತ್ತ ಬಂದು, ಊಟಕ್ಕೆ ಕುಳಿತವರ ನಡುವೆ ದೊಪ್ಪನೆ ಬಿದ್ದು ಸಾಯುತ್ತಿತ್ತು. ಇಲಿ ಬಿದ್ದ ಮನೆಯಲ್ಲಿ ಎಂಟು ಹತ್ತು ದಿನದಲ್ಲಿ ಯಾರಿಗಾದರೂ ಜ್ವರ ಬಂದು, ತೊಡೆಯ ಸಂದಿಯಲ್ಲೋ ಕಂಕುಳಲ್ಲೋ ಗಂಟು ಏಳುತ್ತಿತ್ತು. ಗಂಟು ಎದ್ದವರಲ್ಲಿ ಉಳಿದವರು ಕಡಿಮೆ.

ನಾನು ಮೊದಲು ಮಾಡಿದ ಹುಕುಂ ಹೀಗಿತ್ತು: ಯಾರ ಮನೆಯಲ್ಲಿ ಇಲಿ ಬೀಳುತ್ತದೋ ಅವರು ತಿಳಿಸಬೇಕು, ಆ ಮನೆಗೆ ಬೀಗ ಹಾಕಲಾಗುವುದು. ಹುಕುಂ ಹೊರಟ ಮರುದಿನದಿಂದ ಊರಲ್ಲಿ ಯಾರ ಮನೆಯಲ್ಲೂ ಇಲಿ ಬೀಳಲಿಲ್ಲ. ಎಲ್ಲ ಇಲಿಗಳೂ ಪಕ್ಕದ ಮನೆಯ ಹಿತ್ತಲಲ್ಲೇ ಬೀಳತೊಡಗಿದವು. ಬೆಳಗಾಗುವಷ್ಟರಲ್ಲಿ ಗೋಡೆಯಾಚೆ ಎಸೆದು, "ಅವರ ಮನ್ಯಾಗ ಬಿದ್ದಾವ ನೋಡ್ರಿ" ಎಂದು ಚಾಡಿ ಹೇಳಲು ಆಫೀಸಿಗೆ ಓಡಿ ಬರುತ್ತಿದ್ದರು. ಒಂದು ದಿನ ಸಾಕ್ಷಾತ್ ಅಧ್ಯಕ್ಷರ ಅಂಗಳದಲ್ಲೇ, ಅಂದರೆ ನನ್ನ ಅಂಗಳದಲ್ಲೇ, ಮೂರು ಇಲಿ ಸಾಲಾಗಿ ಮಲಗಿದ್ದವು.

ಅವನ್ನು ಎತ್ತಲು ಬಂದವಳು ಹುಲಿಗೆವ್ವ. ಮುನಿಸಿಪಾಲಿಟಿಯ ಕಸ ಗುಡಿಸುವವರಲ್ಲಿ ಹಿರಿಯಳು. ಚಿಮಟದಲ್ಲಿ ಇಲಿ ಹಿಡಿದು, ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದಿ, ಊರ ಹೊರಗೆ ಒಯ್ದು ಸುಡುವುದು ಅವಳ ಮತ್ತು ಅವಳ ಮಗಳು ಕೆಂಚವ್ವನ ಕೆಲಸ. ಅವಳು ಇಲಿಗಳನ್ನು ಚಿಮಟದಿಂದ ಹೊರಳಿಸಿ ನೋಡಿದಳು.

"ಇವು ಇಲ್ಲೆ ಸತ್ತಾವಲ್ರಿ ಸಾಹುಕಾರ್ರ" ಎಂದಳು.

"ನಿನಗ ಹೆಂಗ ಗೊತ್ತು?"

"ಮೈಗೆ ಅಗಸಿ ಹಿಂಡಿ ಹತ್ತೈತಿ ನೋಡ್ರಿ. ನಿಮ್ಮ ಮನ್ಯಾಗ ಅಕ್ಕಿ ಐತಿ, ಅಗಸಿ ಎಲ್ಲೈತಿ? ಇವು ಗಾಣದ ಓಣಿ ಇಲಿ."

ಗಾಣದ ಓಣಿಯಲ್ಲಿ ಹುಡುಕಿಸಿದೆ. ಅವಳು ಹೇಳಿದ್ದು ಖರೆ. ಆ ಓಣಿಯ ನಾಲ್ಕು ಮನೆಯವರು ಇಲಿ ಮುಚ್ಚಿಟ್ಟಿದ್ದರು, ಒಂದು ಮನೆಯಲ್ಲಿ ಮುದುಕನಿಗೆ ಆಗಲೇ ಗಂಟು ಎದ್ದಿತ್ತು. ಅಂದಿನಿಂದ ನಾನು ಪದ್ಧತಿ ಬದಲಿಸಿದೆ. ಮನೆಗೆ ಬೀಗ ಹಾಕುವುದು ಬಿಟ್ಟು, ಒಂದು ಇಲಿ ಸಿಕ್ಕರೂ ಇಡೀ ಓಣಿಗೆ ಎಚ್ಚರಿಕೆ ಕೊಡಿಸಿದೆ. ಬೀಗದ ಭಯ ಹೋಗಿ, ಪಕ್ಕದವನ ಹಿತ್ತಲಿಗೆ ಎಸೆದರೆ ತನ್ನ ಓಣಿಗೂ ಎಚ್ಚರಿಕೆ ತಪ್ಪುವುದಿಲ್ಲವೆಂದು ಗೊತ್ತಾದ ಮೇಲೆ ಎಸೆಯುವುದು ನಿಂತಿತು. ಎಲ್ಲಿಯ ಇಲಿ ಎಂಬುದನ್ನು ಹುಲಿಗೆವ್ವ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಆರೋಗ್ಯ ಇಲಾಖೆಯ ಡಾಕ್ಟರರೂ ಅವಳ ಮಾತನ್ನು ಬರೆದುಕೊಂಡು ಹೋದರು.

ಆದರೂ ಬೇನೆ ನಿಲ್ಲಲಿಲ್ಲ. ಪ್ರಾಂತಸಾಹೇಬರು ಕುದುರೆಯ ಮೇಲೆ ಬಂದರು. ಪ್ರಾಂತಸಾಹೇಬರೆಂದರೆ ನಮ್ಮ ಮೇಲಿನ ದೊಡ್ಡ ಅಧಿಕಾರಿ. ಹಾರ ತುರಾಯಿ ಮುಟ್ಟದೆ ನೆಟ್ಟಗೆ ಗಟಾರದ ಹಿಂದೆ ಹೋಗಿ ನೋಡುವ ಮನುಷ್ಯ. ಇಂಥ ಮೇಲಧಿಕಾರಿ ಸಿಕ್ಕರೆ ಹೆದರಬೇಡಿರಿ, ನಿಮ್ಮ ಪುಣ್ಯವೆಂದು ತಿಳಿಯಿರಿ. ಅವರು ಎಲ್ಲ ನೋಡಿ, "ಮೂರು ದಿನದಾಗ ಊರು ಖಾಲಿ ಆಗಬೇಕು. ಆಗ್ತದೋ ಇಲ್ಲೋ?" ಎಂದು ಕೇಳಿದರು. "ಆಗ್ತೈತಿರಿ" ಎಂದೆ. ಹೇಗೆಂಬುದು ನನಗೂ ಗೊತ್ತಿರಲಿಲ್ಲ.

ನಮ್ಮ ಊರು ಸುಮ್ಮನೆ ಬಿಡುವ ಊರಲ್ಲ. ಮೊದಲು ದ್ಯಾಮವ್ವ ಹೊರಗೆ ಹೋಗಬೇಕು. ಗುಡಿಯಿಂದ ದೇವಿಯನ್ನು ಹೊತ್ತು ಸೀಮೆಯ ಹತ್ತಿರ ಹಂದರದಲ್ಲಿ ಕೂರಿಸಿದ ಮೇಲೆಯೇ ಮಕ್ಕಳು ಮರಿ ಹೊರಡುವುದು. ಅಂದು ಗುರುವಾರ. ಪೂಜಾರಿ, "ತಾಯಿ ಮಂಗಳವಾರ ಬಿಟ್ಟು ಬ್ಯಾರೆ ದಿನ ಹೊಸ್ತಿಲ ದಾಟಂಗಿಲ್ರಿ" ಎಂದು ಕುಳಿತ. ಐದು ದಿನ ಕಾಯುವುದೆಂದರೆ ಇನ್ನೆಷ್ಟು ಹೆಣವೋ. ಸದಸ್ಯರೆಲ್ಲ ಪೂಜಾರಿಯ ಕಡೆಗೆ ವಾಲಿದರು. ನಾನು ಅವನನ್ನು ಗುಡಿಯ ಕಟ್ಟೆಗೆ ಕರೆದೆ.

"ಪೂಜಾರಪ್ಪ, ಗುಡಿ ಒಳಗ ಇಲಿ ಬಿದ್ದಾವೇನ?" ಎಂದೆ.

ಅವನು ತಲೆ ಕೆಳಗೆ ಹಾಕಿ ಹೂಂ ಎಂದ. ಎರಡು ಬಿದ್ದಿದ್ದವು. ಹುಲಿಗೆವ್ವನೇ ಗುಡಿಯ ಹಿಂದಿನಿಂದ ಎತ್ತಿದ್ದಳು.

"ಹಂಗಾದ್ರ ತಾಯಿ ತನ್ನ ಮಾತು ಹೇಳಿ ಆಗೇತಿ. ಇನ್ನ ನೀನು ಬ್ಯಾಡಂದ್ರ ಆಕಿ ಮಾತು ಮೀರಿದವ ನೀನಾಗ್ತಿ."

ಶುಕ್ರವಾರ ಬೆಳಿಗ್ಗೆ ದ್ಯಾಮವ್ವ ಹೊರಟಳು. ಹಿಂದೆಯೇ ಡಂಗುರ ಹೊಡೆಸಿದೆ. ಇವತ್ತಿಗೂ ಪೂಜಾರಿಗೆ ಹೇಳಿದ ಆ ಮಾತನ್ನು ನೆನೆದರೆ ನನಗೆ ನಾನೇ ಬೆನ್ನು ಚಪ್ಪರಿಸಿಕೊಳ್ಳಬೇಕೆನಿಸುತ್ತದೆ. ನಾಚಿಕೆಯೇನೂ ಇಲ್ಲ.

ಊರಿನ ಬಡಗಣಕ್ಕೆ ಬಿತ್ತದೆ ಬಿಟ್ಟ ಎತ್ತರದ ಹಕ್ಕಲು ಭೂಮಿ ಇತ್ತು. ಅಲ್ಲಿ ಸುಣ್ಣದ ಗೆರೆ ಹಾಕಿಸಿ ಓಣಿಗೊಂದು ಸಾಲು ಮಾಡಿಸಿದೆ. ತಡಸದ ಕಡೆಯಿಂದ ಬಿದಿರು ಬಂತು, ಆಡೂರ ಕಡೆಯಿಂದ ಹುಲ್ಲು ಬಂತು. ಯಾವ ಗುಡಿಸಲು ಯಾರಿಗೆ ಎಂಬುದನ್ನು ನಮ್ಮ ಸೆಕ್ರೆಟರಿ ಗೋವಿಂದರಾಯರು ಮನೆ ನಂಬರಿನ ರಜಿಸ್ಟರ್ ನೋಡಿ ಗೊತ್ತು ಮಾಡಿದರು. ರಾಯರು ಸವಣೂರು ಸಂಸ್ಥಾನದ ದಫ್ತರದಲ್ಲಿ ಕೆಲಸ ಕಲಿತವರು. ಅವರ ಅಕ್ಷರ ಮುತ್ತು, ಅವರ ಲೆಕ್ಕ ಕಲ್ಲಿನ ಮೇಲೆ ಬರೆದ ಹಾಗೆ. ಮನೆ ಬಾಗಿಲಿಗೆ ಬಡಿದ ತಗಡಿನ ನಂಬರ್ ಹೇಳಿದರೆ ಒಂದು ಚೀಟಿ, ಚೀಟಿ ತೋರಿಸಿದರೆ ಒಂದು ಜಾಗ. ಹಕ್ಕಲಿನ ಬಾಯಲ್ಲಿ ಡಾಕ್ಟರರು ಕುಳಿತಿದ್ದರು. ಅದೇ ಚೀಟಿ ನೋಡಿ ಪ್ಲೇಗಿನ ಸೂಜಿ ಚುಚ್ಚಿ ಒಳಗೆ ಬಿಡುತ್ತಿದ್ದರು.

ಮೊದಲ ತಾಸಿನಲ್ಲೇ ಗದ್ದಲ ಎದ್ದಿತು. ಒಂದೇ ಮನೆಯ ಅಣ್ಣ ತಮ್ಮಂದಿರು ಎರಡು ಜಾಗ ಕೇಳಿದರು. ಹಿರೇಕೆರೂರಿನಿಂದ ಬಂದ ಬೀಗರು, ಸವಣೂರಿನಿಂದ ಎಲೆ ಮಾರಲು ಬಂದವರು, ಎಲ್ಲರೂ ಸಾಲಿನಲ್ಲಿ ನಿಂತರು. ಹೀಗೆ ಬಿಟ್ಟರೆ ಊರಿನವರಿಗೇ ಜಾಗ ಉಳಿಯುವುದಿಲ್ಲವೆಂದು ನಾನು ಮೇಜು ಕುಟ್ಟಿ ಹೇಳಿದೆ: "ನಂಬರ್ ಇದ್ದವರಿಗೆ ಜಾಗಾ. ನಂಬರ್ ಇಲ್ಲದವರು ಸಾಕ್ಷಾತ್ ಶಿವ ಬಂದ್ರೂ ಇಲ್ಲ." ಆಫೀಸಿನ ಮುಂದಿನ ಹುಣಸೆಮರದ ಕೆಳಗೆ ಮೇಜು ಹಾಕಿ ಎರಡು ದಿನ ಚೀಟಿಗೆ ಸಹಿ ಮಾಡಿದೆ. ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ರವಿವಾರ ಸಂಜೆಗೆ ಊರು ಖಾಲಿ. ಪ್ರಾಂತಸಾಹೇಬರು ಬಂದು ನೋಡಿ, ಕುದುರೆಯಿಂದ ಇಳಿದು ನನ್ನ ಕೈ ಕುಲುಕಿದರು. ಆ ರಾತ್ರಿ ಗುಡಿಸಲಿನಲ್ಲಿ ಮಲಗಿ ನಾನು ಅರಮನೆಯಲ್ಲಿ ಮಲಗಿದವನಂತೆ ನಿದ್ದೆ ಮಾಡಿದೆ.

ಊರು ಬಿಟ್ಟ ಐದನೆಯ ದಿನ ಮುಂಜಾನೆ ಹತ್ತರ ಹೊತ್ತಿಗೆ ಹಕ್ಕಲಿನ ದಿಬ್ಬದ ಮೇಲೆ ನಿಂತು ಊರ ಕಡೆ ನೋಡಿದೆ. ಬೀಗ ಹಾಕಿದ ಊರಿನ ನಡುವಿನಿಂದ ಹೊಗೆ ಏಳುತ್ತಿತ್ತು. ಕಳ್ಳರೋ ಬೆಂಕಿಯೋ ಎಂದು ರಾಯರನ್ನು ಕರೆದುಕೊಂಡು ಓಡಿದೆ. ಹೊಗೆ ಬರುತ್ತಿದ್ದುದು ಸಂತೆ ಮೈದಾನದ ಹಿಂದೆ ಕಸ ಗುಡಿಸುವವರಿಗೆಂದು ಮುನಿಸಿಪಾಲಿಟಿಯೇ ಕಟ್ಟಿಸಿದ್ದ ಚಾಳಿನಿಂದ. ಆರು ಖೋಲಿ, ಆರು ಸಂಸಾರ. ಬಾಗಿಲಲ್ಲಿ ಒಲೆ ಹೂಡಿ ಹುಲಿಗೆವ್ವ ಅಂಬಲಿ ಕಾಸುತ್ತಿದ್ದಳು. ಸುತ್ತಲೂ ಸಣ್ಣ ಮಕ್ಕಳು ಕುಳಿತಿದ್ದವು. ಒಳಗೆ ಯಾರೋ ನರಳುತ್ತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. "ಊರೆಲ್ಲಾ ಬಿಟ್ಟೈತಿ, ನೀವು ಇಲ್ಲೇನ ಮಾಡಾಕತ್ತೀರಿ? ಡಂಗುರ ಕೇಳಲಿಲ್ಲೇನ?" ಎಂದು ಒದರಿದೆ.

ಹುಲಿಗೆವ್ವ ಎದ್ದು ನಿಂತಳು. "ಕೇಳೇವ್ರಿ. ನಮಗ ಜಾಗಾ ಎಲ್ಲೈತಿರಿ?"

"ಚೀಟಿ ತಗೋಬೇಕಿಲ್ಲೋ?"

"ಕೇಳಿದ್ವಿರಿ. ನಂಬರ್ ಇಲ್ಲಂತ ಹೇಳಿದ್ರಿ."

ನಾನು ರಾಯರ ಮುಖ ನೋಡಿದೆ. ರಾಯರು ಟೋಪಿ ತೆಗೆದು ಬೆವರು ಒರೆಸಿಕೊಂಡರು. "ಇದು ನಮ್ಮದೇ ಕಟ್ಟಡ ಅದ ಅಲ್ರಿ ಅಧ್ಯಕ್ಷರೇ. ಮುನಿಸಿಪಾಲಿಟಿ ತನ್ನ ಕಟ್ಟಡಕ್ಕ ತಾನ ಮನಿ ತೆರಿಗಿ ಹಾಕಿಕೊಳ್ಳೂದಿಲ್ಲ. ತೆರಿಗಿ ಇಲ್ಲಂದ್ರ ರಜಿಸ್ಟರದಾಗ ಇಲ್ಲ. ರಜಿಸ್ಟರದಾಗ ಇಲ್ಲಂದ್ರ ನಂಬರಿಲ್ಲ. ನಂಬರಿಲ್ಲದವರಿಗೆ ಕೊಡಬ್ಯಾಡ್ರಿ ಅಂತ ನೀವೇ ಅಂದ್ರಿ."

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

"ಇವರು ಯಾರನ್ನ ಕೇಳಿದ್ರು? ನಿಮ್ಮನ್ನೇನು?" ಎಂದೆ.

ಉತ್ತರ ಕೊಟ್ಟವಳು ಹುಲಿಗೆವ್ವ. "ನಿಮ್ಮನ್ನ ಕೇಳಿದ್ದೆರಿ. ಹುಣಸೀಮರದ ಕೆಳಗ. ನೀವು ಬರೀತಿದ್ರಿ. ನಂಬರ್ ಏನಂತ ಕೇಳಿದ್ರಿ. ಇಲ್ಲಂದೆ. ಮುಂದಿನವರು ಬರ್ರಿ ಅಂದ್ರಿ."

ಹೌದು. ನಂಬರ್ ಇಲ್ಲ ಎಂದ ಒಂದು ಹೆಣ್ಣು ದನಿ ನನಗೆ ನೆನಪಿತ್ತು. ದಿನಾ ಕೇಳುವ ದನಿ. ಬೀಗರ ಪೈಕಿ ಯಾರೋ ಇರಬೇಕೆಂದುಕೊಂಡು ತಲೆ ಎತ್ತದೆ ಮುಂದಿನವರನ್ನು ಕರೆದಿದ್ದೆ. ಈ ಐದೂ ದಿನ ಇವರು ಬೆಳಗಾದರೆ ಹಕ್ಕಲಿಗೆ ಬಂದು ನಮ್ಮ ಸಾಲು ಗುಡಿಸಿ, ನಮ್ಮ ಪಾಯಖಾನೆಯ ಗುಂಡಿ ಮುಚ್ಚಿ, ಸಂಜೆ ಇಲಿ ಸಾಯುವ ಊರಿಗೆ ಮಲಗಲು ಹಿಂತಿರುಗುತ್ತಿದ್ದರು. ಎಲ್ಲಿ ಮಲಗುತ್ತೀರಿ ಎಂದು ಹಕ್ಕಲಿನಲ್ಲಿದ್ದ ಒಬ್ಬರೂ ಕೇಳಿರಲಿಲ್ಲ. ಚೀಟಿಯಿಲ್ಲದ್ದರಿಂದ ಅವರಿಗೆ ಸೂಜಿಯೂ ಆಗಿರಲಿಲ್ಲ. ಇಡೀ ಊರಿನ ಇಲಿ ಎತ್ತಿದ ಕೈಗಳಿಗೇ ಸೂಜಿ ಇಲ್ಲ.

ಒಳಗೆ ನರಳುತ್ತಿದ್ದವಳು ಕೆಂಚವ್ವ. ಎರಡು ದಿನದ ಜ್ವರ. ಹುಲಿಗೆವ್ವ ಬಾಗಿಲು ಬಿಟ್ಟು ಸರಿದು, "ಕಂಕುಳಾಗ ಗಂಟ ಎದ್ದೈತಿರಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಅಂದು ನಾನು ಮಾಡಿದ ಕೆಲಸವನ್ನೂ ಹೇಳಬೇಕು, ಏಕೆಂದರೆ ತಪ್ಪಾದಾಗ ಅಳುತ್ತ ಕೂರುವವನು ಅಧ್ಯಕ್ಷನಲ್ಲ. ನನ್ನ ಹೆಸರಿನಲ್ಲಿ ಹಕ್ಕಲಿನಲ್ಲಿ ಎರಡು ಜಾಗ ಇದ್ದವು. ಒಂದು ಮನೆಯ ನಂಬರಿನದು, ಇನ್ನೊಂದು ನನ್ನ ಅಕ್ಕಿಯ ಗೋದಾಮಿನ ನಂಬರಿನದು. ಯಾರೂ ವಾಸವಿರದ ಗೋದಾಮಿಗೆ ಜಾಗ ಸಿಕ್ಕಿತ್ತು, ಆರು ಸಂಸಾರಕ್ಕೆ ಸಿಕ್ಕಿರಲಿಲ್ಲ. ಆ ಜಾಗದಲ್ಲಿದ್ದ ನನ್ನ ಚೀಲ, ತಕ್ಕಡಿಗಳನ್ನು ಬಯಲಿಗೆ ಹಾಕಿಸಿ, ಮಧ್ಯಾಹ್ನದೊಳಗೆ ಗುಡಿಸಲು ಹೆಚ್ಚಿಸಿ ಆರೂ ಸಂಸಾರವನ್ನು ತರಿಸಿದೆ. ಡಾಕ್ಟರರನ್ನು ಊಟದ ನಡುವೆ ಎಬ್ಬಿಸಿ ಎಲ್ಲರಿಗೂ ಸೂಜಿ ಹಾಕಿಸಿದೆ. ಕೆಂಚವ್ವನಿಗೆ ಸ್ವಲ್ಪ ದೂರ ಬೇರೆ ಗುಡಿಸಲು ಮಾಡಿಸಿದೆ.

ಸಂಜೆ ಮೂವರು ಸದಸ್ಯರು ಬಂದರು. ಊರಿನ ದೊಡ್ಡ ಮನೆತನದವರು. "ಮೊದಲನೇ ಸಾಲಿನ್ಯಾಗ ಇವರನ್ನ ತಂದು ಇಟ್ಟೀರಲ್ರಿ, ಗಾಳಿ ನಮ್ಮ ಕಡಿಗೆ ಬೀಸ್ತೈತಿ. ಕೆರಿ ಆಚಿ ಕಡೆ ಕಳಸ್ರಿ" ಎಂದರು.

ನಾನು ರಾಯರಿಗೆ ಕಾಗದ ತರಲು ಹೇಳಿದೆ. "ಆಗ್ಲಿ, ಕಳಸ್ತೇನಿ. ನಾಳಿಂದ ಯಾವ ಸಾಲು ಯಾರು ಗುಡಸ್ತೀರಿ, ಗುಂಡಿ ಯಾರು ಮುಚ್ಚತೀರಿ ಹೇಳ್ರಿ. ಬರಕೋತೇನಿ."

ಮೂವರೂ ಬಂದ ದಾರಿ ಹಿಡಿದರು. ಅವರಲ್ಲೊಬ್ಬ ಮುಂದೆ ಎರಡು ವರ್ಷ ನನ್ನೊಡನೆ ಮಾತು ಬಿಟ್ಟ. ಹೋದ ಗಾಳಿ ಹೋಗಲಿ ಎಂದು ನಾನೂ ಬಿಟ್ಟೆ.

ಕೆಂಚವ್ವ ಮೂರು ದಿನ ಒದ್ದಾಡಿದಳು. ನೀಲವ್ವ ಗಂಜಿ ಕಾಯಿಸಿ ಕಳಿಸುತ್ತಿದ್ದಳು. ಗಂಟು ಒಡೆದರೆ ಬದುಕುತ್ತಾಳೆ ಎಂದು ಡಾಕ್ಟರರು ಹೇಳಿದ್ದರು. ಗಂಟು ಒಡೆಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಸಾಲು ಗುಡಿಸುವ ಪೊರಕೆಯ ಸದ್ದು ಕೇಳಿಸಲಿಲ್ಲ. ಹೊರಗೆ ಬಂದು ನೋಡಿದರೆ ಹುಲಿಗೆವ್ವ ಗುಡಿಸಲ ಮುಂದೆ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಕೆಂಚವ್ವನಿಗೆ ಇಪ್ಪತ್ತು ದಾಟಿರಲಿಲ್ಲ. ಮುಂದಿನ ಯುಗಾದಿಗೆ ಶಿಗ್ಗಾಂವಿ ಕಡೆಯ ಹುಡುಗನಿಗೆ ಕೊಡುವುದೆಂದು ಮಾತಾಗಿತ್ತಂತೆ. ಅದು ನನಗೆ ಆಮೇಲೆ ತಿಳಿಯಿತು.

ಮಣ್ಣಿಗೆ ನಾನು ಹೋದೆ. ಅಧ್ಯಕ್ಷರು ಬಂದರೆಂದು ಜನ ದಾರಿ ಬಿಟ್ಟರು. ತಪ್ಪು ನನ್ನದು ಎಂದು ಅಲ್ಲಿ ಹೇಳಬೇಕಾಗಿತ್ತು. ನೂರು ಜನರ ಸಭೆಯಲ್ಲಿ ತಡವರಿಸದ ನನಗೆ ಅಂದು ಬಾಯಿ ಬರಲಿಲ್ಲ. ಹುಲಿಗೆವ್ವನಿಗೆ ಅಕ್ಕಿ ಕಳಿಸಿದೆ, ಅರಿವೆ ಕಳಿಸಿದೆ, ಹದಿನೈದು ದಿನ ಅವಳ ಕೆಲಸಕ್ಕೆ ಬೇರೆಯವರನ್ನು ಹಾಕಿದೆ. ಬಾಯಿ ಬಾರದವನು ಮಾಡುವ ಕೆಲಸಗಳು ಇವು.

ಹೋಳಿಹುಣ್ಣಿಮೆ ಕಳೆದ ಮೇಲೆ ಊರಿಗೆ ತಿರುಗಿ ಬಂದೆವು. ಆ ವರ್ಷ ಪಕ್ಕದ ಊರುಗಳಿಗೆ ಹೋಲಿಸಿದರೆ ನಮ್ಮಲ್ಲಿ ಸತ್ತವರು ಕಡಿಮೆ. ಎಲ್ಲರೂ ನನ್ನನ್ನು ಹೊಗಳಿದರು, ಹಾನಗಲ್ಲಿನಲ್ಲಿ ಕರೆದು ಸನ್ಮಾನವನ್ನೂ ಮಾಡಿದರು. ಊರು ಬಿಡಿಸಿದ ಕೆಲಸ ನಾನು ಚೆನ್ನಾಗಿಯೇ ಮಾಡಿದೆ. ಅದನ್ನು ಇಂದಿಗೂ ಯಾರ ಮುಂದೆಯೂ ಹೇಳಬಲ್ಲೆ. ನೀವೂ ಹಾಗೆಯೇ ಮಾಡಿರಿ: ಬೇಗ ಮನಸ್ಸು ಮಾಡಿರಿ, ಗಟ್ಟಿಯಾಗಿ ನಿಲ್ಲಿರಿ.

ಮುಂದಿನ ಸಭೆಯಲ್ಲಿ ಎರಡು ಠರಾವು ಮಾಡಿಸಿದೆ. ಬೇನೆಯ ಕಾಲದಲ್ಲಿ ಮುನಿಸಿಪಾಲಿಟಿಯ ಕೆಲಸಗಾರರಿಗೆ ಮೊದಲ ಸೂಜಿ, ಮೊದಲ ಜಾಗ. ಎರಡನೆಯದು, ಚಾಳಿನ ಆರು ಖೋಲಿಗೂ ನಂಬರ್. ತನ್ನ ಕಟ್ಟಡಕ್ಕೆ ತಾನೇ ನಂಬರ್ ಹಾಕಿಕೊಳ್ಳುವ ಪದ್ಧತಿ ಎಲ್ಲಿಯೂ ಇಲ್ಲವೆಂದು ಒಬ್ಬ ಸದಸ್ಯರು ತಕರಾರು ತೆಗೆದರು. ಆಗ ಎದ್ದು ನಿಂತವರು ಗೋವಿಂದರಾಯರು. ಸಭೆಯಲ್ಲಿ ಎಂದೂ ಬಾಯಿ ತೆರೆಯದ ಮನುಷ್ಯ. "ಇಲ್ಲಿ ಅದ ಅಂತ ಬರಕೊಳ್ರಿ" ಎಂದರು. ಅದಾದ ಮೇಲೆ ಅವರೇ ತಗಡಿನ ಮೇಲೆ ನಂಬರ್ ಬರೆದು, ಮೊಳೆ ಸುತ್ತಿಗೆ ಹಿಡಿದು ಚಾಳಿಗೆ ನಡೆದರು. ನಾನೂ ಜೊತೆಗೆ ಹೋದೆ.

ಆರನೆಯ ಬಾಗಿಲು ಹುಲಿಗೆವ್ವನದು. ತಗಡು ಬಡಿದು ರಾಯರು ಸಂತೆ ಮೈದಾನದ ಕಡೆಗೆ ಸರಿದರು. ಅವಳು ಹೊರಗೆ ಬಂದು ತಗಡನ್ನು ಕೈಯಿಂದ ಮುಟ್ಟಿ ನೋಡಿದಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನಿಸಿತು.

"ಹುಲಿಗೆವ್ವ, ತಪ್ಪು ರಾಯರದಲ್ಲ, ನಂದು. ಅವತ್ತು ಹುಣಸೀಮರದ ಕೆಳಗ ನಾ ತಲಿ ಎತ್ತಿ ನೋಡಿದ್ರ ನಿನ್ನ ಮಗಳು ಉಳೀತಿದ್ಲು" ಎಂದೆ.

ಅವಳು ತಗಡಿನ ಮೇಲಿಂದ ಕೈ ತೆಗೆದಳು. ಆಮೇಲೆ ನನ್ನನ್ನು ಸಮಾಧಾನ ಮಾಡುವವಳ ಹಾಗೆ ಹೇಳಿದಳು. "ಹಂಗನಬ್ಯಾಡ್ರಿ. ಆ ಗದ್ದಲದಾಗ ಯಾರಿಗೆ ಯಾರು ಕಾಣ್ತಾರ? ನಾನೂ ಮೂರನೇ ಸಲ ಕೇಳಬೇಕಿತ್ತರಿ. ಕೇಳಿದ್ರ ಎಲ್ಲಿ ಕೆಲಸಾ ಹೋಗ್ತೈತೋ ಅಂತ ಹೆದರಿದೆ."

"ಮೂರನೇ ಸಲ?" ಎಂದೆ. "ನೀ ಕೇಳಿದ್ದು ಒಮ್ಮೆ ಅಲ್ಲೇನು?"

"ಎರಡ ಸಲರಿ. ಮರುದಿನ ಹಕ್ಕಲದಾಗ ನಿಮ್ಮ ಗುಡಿಸಲ ಮುಂದ ಬಂದಿದ್ದೆ. ಕೆಂಚಿನೂ ಇದ್ದಳ್ರಿ ನನ್ನ ಕೂಡ. ನೀವು ಊಟಕ್ಕ ಕುಂತಿದ್ರಿ. ನನ್ನ ಮಾರಿ ನೋಡಿ ಆಮ್ಯಾಗ ಬಾ ಅಂದ್ರಿ."

ನನಗೆ ಅದು ನೆನಪಿರಲಿಲ್ಲ. ಅಂದಿನಿಂದ ಇಂದಿನವರೆಗೆ ಎಷ್ಟು ಸಲ ಆ ಗುಡಿಸಲ ಮುಂದೆ ಮನಸ್ಸಿನಲ್ಲೇ ಹೋಗಿ ಕುಳಿತಿದ್ದೇನೋ ಲೆಕ್ಕವಿಲ್ಲ. ಆ ಊಟವೂ ನೆನಪಾಗುವುದಿಲ್ಲ, ಆ ತಾಯಿ ಮಗಳು ಬಾಗಿಲಲ್ಲಿ ನಿಂತದ್ದೂ ನೆನಪಾಗುವುದಿಲ್ಲ.